ಕರ್ಸರ್ ಬದಲಿಸೋ ಸಾಲು ಎಲ್ಲಿ ಬರೆಯಬೇಕು? ಡೆಸ್ಕ್‌ಟಾಪ್ ಆ್ಯಪ್‌ಗಳಲ್ಲಿರುವ ದಾರಿಗಳ ಹೋಲಿಕೆ

ಮೌಸ್ ಕರ್ಸರ್ ಬದಲಿಸೋದು ಯಾವ ಭಾಷೆಯಲ್ಲಾದರೂ ಒಂದು ಸಾಲಿನ ಕೆಲಸ. ಆ ಸಾಲನ್ನು ಎಲ್ಲಿ ಬರೆಯಬೇಕು ಅನ್ನೋದರಲ್ಲೇ ತಲೆನೋವು ಇರೋದು. ಒಂದು ಕಡೆ ಬರೆದರೆ ಬಾಣವೂ 'ಕಾಯಿರಿ' ಅಂತ ಸುತ್ತುವ ಉಂಗುರವೂ ಮಿಣಿಮಿಣಿ ಬದಲಾಗುತ್ತವೆ. ಇನ್ನೊಂದು ಕಡೆ ಬರೆದರೆ ಕೆಲಸ ಮುಗಿದ ಮೇಲೂ ಉಂಗುರ ಸುತ್ತುತ್ತಲೇ ಇರುತ್ತದೆ. ಮತ್ತೊಂದು ಕಡೆ ಬರೆದರೆ ಇಡೀ ಕಂಪ್ಯೂಟರಿನ ಬಾಣವೇ ಬದಲಾಗಿ ಕೂರುತ್ತದೆ.

ನಾನು ಇದರ ಬೆನ್ನು ಹತ್ತಿದ್ದು ಒಂದು ಅಡಿಕೆ ಮಂಡಿಯ ಲೆಕ್ಕದ ಪ್ರೋಗ್ರಾಂನಿಂದ. ರೈತರ ಇಡೀ ವರ್ಷದ ಲೆಕ್ಕದ ಪಟ್ಟಿ ತೆಗೆಯೋಕೆ ಒಂದು ಬಟನ್ ಇಟ್ಟಿದ್ದೆ. ಒತ್ತಿದ ಮೇಲೆ ಎಂಟೊಂಬತ್ತು ಸೆಕೆಂಡ್ ಬೇಕಿತ್ತು. ಅಷ್ಟು ಹೊತ್ತು ಪರದೆಯ ಮೇಲೆ ಏನೂ ಬದಲಾಗುತ್ತಿರಲಿಲ್ಲ. ಒಂದು ದಿನ ನೋಡಿದರೆ ಒಬ್ಬ ರೈತರ ಪಟ್ಟಿ ಮೂರು ಪ್ರತಿ ಪ್ರಿಂಟ್ ಆಗಿತ್ತು. "ಯಾಕಣ್ಣ, ಮೂರು ಸಲ ಒತ್ತಿದ್ರಾ?" ಅಂತ ಗುಮಾಸ್ತರನ್ನು ಕೇಳಿದೆ. "ಒತ್ತಿದ್ದು ಹತ್ತಲಿಲ್ಲ ಅಂತ ಮತ್ತೆ ಒತ್ತಿದೆ ಮಾರಾಯ. ಬಾಣ ಹಾಗೇ ಇತ್ತಲ್ಲ" ಅಂದರು. ಅವರು ಹೇಳಿದ್ದು ಸರಿಯಾಗಿತ್ತು. ಬಾಣ ಬಾಣವಾಗೇ ಇದ್ದರೆ 'ನಾನು ಖಾಲಿ ಇದ್ದೇನೆ, ಒತ್ತಿ' ಅಂತ ಕಂಪ್ಯೂಟರ್ ಹೇಳಿದ ಹಾಗೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಅಕ್ಷರ ಟೈಪ್ ಮಾಡುವ ಜಾಗದಲ್ಲಿ ಮಿನುಗುವ ಗೆರೆಗೂ ಕರ್ಸರ್ ಅಂತೀವಿ, ಮೌಸ್ ಜೊತೆ ಓಡಾಡುವ ಬಾಣಕ್ಕೂ ಕರ್ಸರ್ ಅಂತೀವಿ. ಇಲ್ಲಿ ಮಾತಾಡುತ್ತಿರುವುದು ಎರಡನೆಯದರ ಬಗ್ಗೆ ಮಾತ್ರ.

ಬಾಣ ಯಾರ ಮಾತು ಕೇಳುತ್ತದೆ?

ದಾರಿ ಆರಿಸೋ ಮುಂಚೆ ಇದು ಗೊತ್ತಿರಬೇಕು. ಪರದೆ ಮೇಲೆ ಬಾಣ ಇರೋದು ಒಂದೇ, ಆದರೆ ಅದರ ಆಕಾರ ಹೇಳೋರು ಹಲವರು. ಮೌಸ್ ಯಾವ ವಿಂಡೋದ ಮೇಲಿದೆಯೋ ಆ ವಿಂಡೋ ಹೇಳಿದ ಹಾಗೆ ಬಾಣ ವೇಷ ಹಾಕುತ್ತದೆ. ಪಕ್ಕದ ಪಠ್ಯದ ಡಬ್ಬಕ್ಕೆ ಹೋದರೆ ಅಲ್ಲಿ 'ಐ' ಗುರುತು. ಅಂಚಿಗೆ ಹೋದರೆ ಎರಡು ತುದಿಯ ಬಾಣ. ಲಿಂಕ್ ಮೇಲೆ ಹೋದರೆ ಬೆರಳು ಚಾಚಿದ ಕೈ. ಮೌಸ್ ಒಂದು ಪಿಕ್ಸೆಲ್ ಕದಲಿದರೂ ಸಿಸ್ಟಂ ಮತ್ತೆ ಕೇಳುತ್ತದೆ: ಇಲ್ಲಿ ಯಾವ ಆಕಾರ?

ಈ ಪ್ರಶ್ನೆಗೆ ನೀವು ಯಾವಾಗ, ಯಾರ ಬಾಯಿಂದ ಉತ್ತರ ಕೊಡಿಸುತ್ತೀರಿ ಅನ್ನೋದರ ಮೇಲೆ ದಾರಿಗಳು ಬೇರೆಯಾಗುತ್ತವೆ. ಹೆಸರುಗಳು ಎಷ್ಟೇ ಇರಲಿ, ಬಗೆ ಮೂರೇ. ಮೊದಲನೆಯದು, ಈಗಿಂದೀಗಲೇ ಬಾಣವನ್ನೇ ಹಿಡಿದು ಬದಲಿಸೋದು. ಎರಡನೆಯದು, ವಿಂಡೋದ ಒಂದು ಭಾಗಕ್ಕೆ ಆಕಾರವನ್ನು ಕಟ್ಟಿಡೋದು. ಮೌಸ್ ಅಲ್ಲಿಗೆ ಬಂದಾಗ ತಾನಾಗೇ ಬದಲಾಗುತ್ತದೆ, ಹೋದಾಗ ತಾನಾಗೇ ಹಳೆಯದಾಗುತ್ತದೆ. ಮೂರನೆಯದು, ಇಡೀ ಆ್ಯಪ್ ಮೇಲೆ ಸ್ವಲ್ಪ ಹೊತ್ತು ಒಂದೇ ಆಕಾರವನ್ನು ಕಂಬಳಿ ಹೊದಿಸಿದ ಹಾಗೆ ಹೊದಿಸೋದು.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಸದಾ ಇರಬೇಕಾದ ಆಕಾರಕ್ಕೆ ಎರಡನೆಯ ಬಗೆ. 'ತಾಳಿ, ಕೆಲಸ ನಡೀತಿದೆ' ಅನ್ನೋಕೆ ಮೂರನೆಯದು. ಮೊದಲನೆಯದನ್ನು ಒಂಟಿಯಾಗಿ ಬಳಸೋದು ಎಳೆಯುವ ಕೆಲಸಕ್ಕೆ ಮಾತ್ರ, ಅಂದರೆ ಬಟನ್ ಒತ್ತಿ ಹಿಡಿದು ಏನನ್ನಾದರೂ ಎಳೆಯುತ್ತಿರುವಾಗ. ಹೊಸಬರು ಹೆಚ್ಚಾಗಿ ಮೊದಲನೆಯದಕ್ಕೇ ಕೈ ಹಾಕುತ್ತಾರೆ, ಯಾಕಂದ್ರೆ ಅದರ ಹೆಸರೇ ಹಾಗಿದೆ. ಸೆಟ್‌ಕರ್ಸರ್ ಅಂತ ಒಂದು ಫಂಕ್ಷನ್ ಇದ್ದರೆ ಯಾರು ತಾನೇ ಕರೆಯೋದಿಲ್ಲ, ಅಲ್ವಾ?

ವಿಂಡೋಸ್‌ನ ಮೂಲ ದಾರಿ: ವಿನ್32

ವಿನ್32 ಅಂದರೆ ವಿಂಡೋಸ್ ತಾನೇ ಕೊಡುವ ಮೂಲ ಫಂಕ್ಷನ್‌ಗಳು. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ವಿಂಡೋಸ್‌ನಲ್ಲಿ ನೀವು ಸಿ ಶಾರ್ಪ್ ಬರೆಯಿರಿ, ಪೈಥಾನ್ ಬರೆಯಿರಿ, ಕೆಳಗೆ ನಡೆಯೋದು ಇದೇ.

ವಿಂಡೋ ಕ್ಲಾಸ್ (ಒಂದೇ ಬಗೆಯ ವಿಂಡೋಗಳ ಅಚ್ಚು) ನೋಂದಾಯಿಸುವಾಗ ಎಚ್‌ಕರ್ಸರ್ ಅಂತ ಒಂದು ಜಾಗ ಇರುತ್ತದೆ. ಅಲ್ಲಿ ಕೊಟ್ಟ ಆಕಾರವೇ ಆ ಕ್ಲಾಸಿನ ಎಲ್ಲ ವಿಂಡೋಗಳದ್ದು. ಮೌಸ್ ಕದಲಿದಾಗೆಲ್ಲ ವಿಂಡೋಗೆ ಡಬ್ಲ್ಯೂಎಂ_ಸೆಟ್‌ಕರ್ಸರ್ ಅನ್ನೋ ಮೆಸೇಜ್ ಬರುತ್ತದೆ. ನೀವು ಅದನ್ನು ಮುಟ್ಟದಿದ್ದರೆ ವಿಂಡೋಸ್‌ನ ಮಾಮೂಲಿ ಉತ್ತರದ ಫಂಕ್ಷನ್ ಡೆಫ್‌ವಿಂಡೋಪ್ರೊಕ್ ಅದನ್ನು ಮೊದಲು ತಾಯಿ ವಿಂಡೋಗೆ ತೋರಿಸುತ್ತದೆ. ಅದು ಬೇಡ ಅಂದರೆ ಕ್ಲಾಸಿನ ಆಕಾರವನ್ನೇ ಹಾಕುತ್ತದೆ.

ಈಗ ನೀವು ಬಟನ್ ಒತ್ತಿದಾಗ ಸೆಟ್‌ಕರ್ಸರ್ ಕರೆದು ಉಂಗುರ ಹಾಕಿದಿರಿ ಅನ್ನಿ. ಉಂಗುರ ಬಂತು. ಬಳಸುವವರು ಮೌಸ್ ಸ್ವಲ್ಪ ಅಲುಗಿಸಿದರು. ಮೆಸೇಜ್ ಬಂತು, ಕ್ಲಾಸಿನ ಬಾಣ ವಾಪಸ್ ಬಂತು. ಟೈಮರ್ ಇಟ್ಟು ನೀವು ಮತ್ತೆ ಉಂಗುರ ಹಾಕಿದಿರಿ. ಅವರು ಮತ್ತೆ ಅಲುಗಿಸಿದರು. ಮಿಣಿಮಿಣಿ ಬರೋದು ಇಲ್ಲಿಂದಲೇ. ಸೆಟ್‌ಕರ್ಸರ್ ಕೆಟ್ಟಿಲ್ಲ. ನಿಮ್ಮ ಉತ್ತರದ ಮೇಲೆ ಇನ್ನೊಬ್ಬರು ಉತ್ತರ ಬರೆಯುತ್ತಿದ್ದಾರೆ, ಅಷ್ಟೇ.

ಸರಿಯಾದ ದಾರಿ ಅಂದರೆ ಡಬ್ಲ್ಯೂಎಂ_ಸೆಟ್‌ಕರ್ಸರ್ ಮೆಸೇಜನ್ನೇ ಹಿಡಿಯೋದು. ಮೆಸೇಜ್ ಜೊತೆ ಬರುವ ಎಲ್‌ಪ್ಯಾರಂ ಅನ್ನೋ ಮೌಲ್ಯದ ಕೆಳಗಿನ ಅರ್ಧದಲ್ಲಿ ಮೌಸ್ ಎಲ್ಲಿದೆ ಅನ್ನೋ ಸಂಖ್ಯೆ ಇರುತ್ತದೆ. ಅದು 1, ಅಂದರೆ ಎಚ್‌ಟಿಕ್ಲೈಂಟ್ (ಅಂಚು, ತಲೆಪಟ್ಟಿ ಬಿಟ್ಟು ಒಳಗಿನ ಜಾಗ) ಆಗಿದ್ದರೆ ಮಾತ್ರ ನಿಮ್ಮ ಆಕಾರ ಹಾಕಿ ಟ್ರೂ ವಾಪಸ್ ಕೊಡಿ. ಬೇರೆ ಏನೇ ಇದ್ದರೂ ಡೆಫ್‌ವಿಂಡೋಪ್ರೊಕ್‌ಗೆ ಬಿಟ್ಟುಬಿಡಿ. ಈ ಪರೀಕ್ಷೆ ಮರೆತರೆ ವಿಂಡೋದ ಅಂಚಿನಲ್ಲೂ ನಿಮ್ಮ ಆಕಾರವೇ ಕಾಣುತ್ತದೆ. ಎಲ್ಲಿ ಹಿಡಿದು ದೊಡ್ಡದು ಮಾಡಬೇಕು ಅನ್ನೋದು ಬಳಸುವವರಿಗೆ ತಿಳಿಯೋದಿಲ್ಲ. ಇನ್ನೊಂದು ಸಂಗತಿ: ಈ ಮೆಸೇಜ್ ಬರೋದು ಮೌಸ್ ಕದಲಿದರೆ ಅಥವಾ ಒತ್ತಿದರೆ, ಸುಮ್ಮನಿದ್ದರೆ ಬರೋದಿಲ್ಲ. ಹಾಗಾಗಿ ಸ್ಥಿತಿ ಬದಲಾದ ಕೂಡಲೇ ಆಕಾರವೂ ಬದಲಾಗಬೇಕು ಅಂದರೆ ಸೆಟ್‌ಕರ್ಸರ್ ಒಮ್ಮೆ ಕರೆದು, ಮುಂದಿನದನ್ನು ಮೆಸೇಜ್ ನೋಡಿಕೊಳ್ಳಲಿ ಅಂತ ಬಿಡಬೇಕು.

ಎಚ್‌ಕರ್ಸರ್ ಜಾಗವನ್ನು ನಲ್ (ಖಾಲಿ) ಬಿಟ್ಟರೆ ಹೇಗೆ? ಆಗ ವಾಪಸ್ ಬಾಣ ಹಾಕೋರು ಇಲ್ಲ, ಮಿಣಿಮಿಣಿಯೂ ಇಲ್ಲ. ಕೆಲವರು ಇದನ್ನೇ ಪರಿಹಾರ ಅಂತ ಹೇಳುತ್ತಾರೆ. ಆದರೆ ಆಗ ಪ್ರತಿ ಸಲ ಮೌಸ್ ಒಳಗೆ ಬಂದಾಗ ಆಕಾರ ಹೇಳುವ ಪೂರ್ತಿ ಹೊಣೆ ನಿಮ್ಮದು. ಮರೆತರೆ ಅಂಚಿನ ಎರಡು ತುದಿಯ ಬಾಣ ವಿಂಡೋದ ಒಳಗೂ ಹಾಗೇ ಉಳಿದುಬಿಡುತ್ತದೆ. ಯಾವುದೋ ಪ್ರೋಗ್ರಾಂನಲ್ಲಿ ಇದನ್ನು ನೀವೂ ನೋಡಿರುತ್ತೀರಿ. ಆಟಗಳಿಗೆ, ಪೂರ್ತಿ ತಾವೇ ಚಿತ್ರಿಸುವ ಪ್ರೋಗ್ರಾಂಗಳಿಗೆ ನಲ್ ಸರಿ. ಲೆಕ್ಕ ಬರೆಯುವ ಪ್ರೋಗ್ರಾಂಗೆ ಬೇಡ.

ಹಾಗಾದರೆ ಸೆಟ್‌ಕರ್ಸರ್ ಒಂದೇ ಸಾಕಾಗುವ ಜಾಗ ಯಾವುದು? ಎಳೆಯುವಾಗ. ಸೆಟ್‌ಕ್ಯಾಪ್ಚರ್ ಮಾಡಿ ಮೌಸ್ ಹಿಡಿದುಕೊಂಡಿದ್ದಾಗ ಡಬ್ಲ್ಯೂಎಂ_ಸೆಟ್‌ಕರ್ಸರ್ ಬರೋದೇ ಇಲ್ಲ. ಅಡ್ಡ ಬರೋರು ಯಾರೂ ಇಲ್ಲದ್ದರಿಂದ ಮೌಸ್ ಕದಲಿದ ಮೆಸೇಜಿನಲ್ಲೇ ನೇರವಾಗಿ ಬದಲಿಸಬಹುದು. ಇಲ್ಲಿ ಬಿಡಬಹುದು, ಅಲ್ಲಿ ಬಿಡಬಾರದು ಅಂತ ತೋರಿಸೋಕೆ ಇದೇ ಜಾಗ.

ಸೆಟ್‌ಕ್ಲಾಸ್‌ಲಾಂಗ್‌ಪಿಟಿಆರ್ ಬಳಸಿ ಕ್ಲಾಸಿನ ಆಕಾರವನ್ನೇ ಬದಲಿಸೋದು ಇನ್ನೊಂದು ದಾರಿ. ಕೆಲಸ ಮಾಡುತ್ತದೆ. ಆದರೆ ಆ ಕ್ಲಾಸಿನ ಎಲ್ಲ ವಿಂಡೋಗಳೂ ಬದಲಾಗುತ್ತವೆ. ನಿಮ್ಮದೇ ಕ್ಲಾಸ್, ಒಂದೇ ವಿಂಡೋ ಆಗಿದ್ದರೆ ಮಾತ್ರ ಇದು ಸುಲಭದ ದಾರಿ.

ಇನ್ನು ಸೆಟ್‌ಸಿಸ್ಟಂಕರ್ಸರ್. ದಯವಿಟ್ಟು ಇದನ್ನು ಬಿಟ್ಟುಬಿಡಿ. ಇದು ನಿಮ್ಮ ವಿಂಡೋದಲ್ಲಿ ಮಾತ್ರವಲ್ಲ, ಇಡೀ ಕಂಪ್ಯೂಟರಿನಲ್ಲಿ ಬಾಣವನ್ನು ಬದಲಿಸುತ್ತದೆ. ನಿಮ್ಮ ಪ್ರೋಗ್ರಾಂ ಮಧ್ಯದಲ್ಲಿ ಬಿದ್ದುಹೋದರೆ ಹಳೆಯ ಬಾಣ ವಾಪಸ್ ತರೋರಿಲ್ಲ. ಜೊತೆಗೆ, ನೀವು ಕೊಟ್ಟ ಕರ್ಸರನ್ನು ಅದು ನಾಶ ಮಾಡುತ್ತದೆ. ಕಾಪಿ ಮಾಡಿ ಕೊಡದಿದ್ದರೆ ನಿಮ್ಮ ಕೈಯಲ್ಲಿರೋದು ಸತ್ತ ಹ್ಯಾಂಡಲ್ (ಕರ್ಸರನ್ನು ಗುರುತಿಸುವ ಸಂಖ್ಯೆ). ಆಗಲೇ ಎಡವಟ್ಟಾಗಿದ್ದರೆ, ಸಿಸ್ಟಂಪ್ಯಾರಾಮೀಟರ್ಸ್‌ಇನ್ಫೋಗೆ ಎಸ್‌ಪಿಐ_ಸೆಟ್‌ಕರ್ಸರ್ಸ್ ಕೊಟ್ಟು ಕರೆದರೆ ಬಳಸುವವರ ಹಳೆಯ ಬಾಣಗಳು ವಾಪಸ್ ಬರುತ್ತವೆ.

ವಿನ್‌ಫಾರ್ಮ್ಸ್: ಹೋಲುವ ಮೂರು ಹೆಸರು

ಸಿ ಶಾರ್ಪ್‌ನಲ್ಲಿ ಬಿಲ್ಲಿಂಗ್, ಸ್ಟಾಕ್ ಪ್ರೋಗ್ರಾಂ ಬರೆಯೋರು ಈಗಲೂ ಬಹಳ ಜನ ವಿನ್‌ಫಾರ್ಮ್ಸ್ ಅನ್ನೋ ಟೂಲ್‌ಕಿಟ್‌ನಲ್ಲೇ (ಬಟನ್, ಫಾರ್ಮ್‌ಗಳ ಸಿದ್ಧ ಕಟ್ಟು) ಇದ್ದಾರೆ. ನನ್ನ ಮಂಡಿಯ ಪ್ರೋಗ್ರಾಂ ಕೂಡ ಅದರಲ್ಲೇ ಇದೆ. ಇಲ್ಲಿ ಗೊಂದಲ ಜಾಸ್ತಿ.

ಕರ್ಸರ್.ಕರೆಂಟ್ ಮೊದಲ ಬಗೆಯದು. ಬಟನ್ ಒತ್ತಿದ ಫಂಕ್ಷನ್ ಒಳಗೆ ಹಾಕಿ, ಅದೇ ಫಂಕ್ಷನ್‌ನಲ್ಲಿ ಭಾರದ ಕೆಲಸವನ್ನೂ ಮುಗಿಸಿದರೆ ಉಂಗುರ ಕೊನೆವರೆಗೂ ಉಳಿಯುತ್ತದೆ, ಯಾಕಂದ್ರೆ ನಡುವೆ ಯಾವ ಮೆಸೇಜೂ ಓಡೋದಿಲ್ಲ. ನಡುವೆ ಡೂಇವೆಂಟ್ಸ್ (ಕಾದಿರುವ ಮೆಸೇಜ್‌ಗಳನ್ನು ಓಡಿಸೋದು) ಕರೆದರೆ ಅಥವಾ ಅವೇಟ್ (ಕೆಲಸ ಮುಗಿಯೋ ತನಕ ಫಂಕ್ಷನ್ ಬಿಟ್ಟು ಹೊರಗೆ ಬರೋದು) ಬಂದರೆ ಮುಗೀತು, ಮೌಸ್ ಅಲುಗಿದ ಕ್ಷಣ ಬಾಣ ವಾಪಸ್. ನಾನು ಮಾಡಿದ್ದ ತಪ್ಪು ಇದೇ. ಮೊದಲು ಎಲ್ಲ ಒಂದೇ ಫಂಕ್ಷನ್‌ನಲ್ಲಿತ್ತು, ಉಂಗುರ ಚೆನ್ನಾಗಿ ಸುತ್ತುತ್ತಿತ್ತು. ಆಮೇಲೆ ಡೇಟಾಬೇಸ್ ಕೆಲಸವನ್ನು ಅವೇಟ್‌ಗೆ ಬದಲಿಸಿದೆ. ಕೋಡ್ ಮೊದಲಿಗಿಂತ ಚೆನ್ನಾಯಿತು, ಉಂಗುರ ಮಾಯವಾಯಿತು. ಎರಡಕ್ಕೂ ಸಂಬಂಧ ಇದೆ ಅಂತ ತಿಳಿಯೋಕೆ ಅರ್ಧ ದಿನ ಹಿಡಿಯಿತು.

ಕಂಟ್ರೋಲ್‌ನ ಕರ್ಸರ್ ಪ್ರಾಪರ್ಟಿ ಎರಡನೆಯ ಬಗೆಯದು. ಫಾರ್ಮ್‌ಗೆ ಹಾಕಿದರೆ ಒಳಗಿನ ಮಕ್ಕಳಿಗೂ ಹರಿಯುತ್ತದೆ, ತಮ್ಮದೇ ಆಕಾರ ಇರೋ ಮಕ್ಕಳನ್ನು ಬಿಟ್ಟು. ಟೆಕ್ಸ್ಟ್‌ಬಾಕ್ಸ್ ತನ್ನ 'ಐ' ಗುರುತು ಬಿಡೋದಿಲ್ಲ. ಸದಾ ಇರಬೇಕಾದ ಕೈ ಗುರುತು, ಪ್ಲಸ್‌ನಂತಿರುವ ಅಡ್ಡಗೆರೆ ಗುರುತುಗಳಿಗೆ ಇದೇ ಸರಿ.

ಯೂಸ್‌ವೇಟ್‌ಕರ್ಸರ್ ಮೂರನೆಯ ಬಗೆಯದು. ಫಾರ್ಮ್‌ಗೆ ಹಾಕಿದರೆ ಆ ಫಾರ್ಮ್ ಮತ್ತು ಅದರ ಮಕ್ಕಳಿಗೆಲ್ಲ, ಅಪ್ಲಿಕೇಶನ್‌ಗೆ ಹಾಕಿದರೆ ತೆರೆದಿರುವ ಎಲ್ಲ ಫಾರ್ಮ್‌ಗೂ ಉಂಗುರ. ಟೆಕ್ಸ್ಟ್‌ಬಾಕ್ಸ್ ಕೂಡ ತಪ್ಪಿಸಿಕೊಳ್ಳೋದಿಲ್ಲ. ಅವೇಟ್ ಇರುವ ಕೋಡ್‌ಗೆ ನಾನು ಆರಿಸೋದು ಇದನ್ನೇ. ಒಂದು ಕೊರತೆ ಇದೆ: ಹಾಕಿದ ಕೂಡಲೇ ಕಾಣದೆ ಮೌಸ್ ಅಲುಗಿದ ಮೇಲೆ ಕಾಣಬಹುದು. ಗುಮಾಸ್ತರು ಬಟನ್ ಒತ್ತಿ ಕೈ ಅಲ್ಲಾಡಿಸದೆ ಕೂತರೆ ಅವರಿಗೆ ಬಾಣವೇ ಕಾಣುತ್ತದೆ. ಅದಕ್ಕೆ ಯೂಸ್‌ವೇಟ್‌ಕರ್ಸರ್ ಜೊತೆ ಕರ್ಸರ್.ಕರೆಂಟ್ ಕೂಡ ಒಮ್ಮೆ ಹಾಕುತ್ತೇನೆ. ಮೇಲೆ ವಿನ್32ನಲ್ಲಿ ನೋಡಿದ ಜೋಡಿಯೇ ಇದು.

ಈ ಮೂರರಲ್ಲಿ ಯಾವುದೂ ಕ್ಲಿಕ್ಕನ್ನು ತಡೆಯೋದಿಲ್ಲ ಅನ್ನೋದು ನೆನಪಿರಲಿ. ಉಂಗುರ ಸುತ್ತುತ್ತಿರುವಾಗಲೂ ಬಟನ್ ಒತ್ತಬಹುದು. ಮೂರು ಪ್ರತಿ ಪ್ರಿಂಟ್ ಆಗೋದು ನಿಲ್ಲಬೇಕು ಅಂದರೆ ಬಟನ್ನಿನ ಎನೇಬಲ್ಡ್ ಅನ್ನು ಫಾಲ್ಸ್ ಮಾಡಲೇಬೇಕು. ಕರ್ಸರ್ ಹೇಳುತ್ತದೆ, ತಡೆಯುವ ಕೆಲಸ ಬಟನ್ನಿನದು.

ಸಿ ಶಾರ್ಪ್‌ನ ಇನ್ನೊಂದು ಟೂಲ್‌ಕಿಟ್ ಡಬ್ಲ್ಯೂಪಿಎಫ್‌ನಲ್ಲಿ ಗೊಂದಲ ಕಡಿಮೆ. ಭಾಗಕ್ಕೆ ಕಟ್ಟೋಕೆ ಕರ್ಸರ್ ಪ್ರಾಪರ್ಟಿ. ಮಕ್ಕಳ ಆಕಾರವನ್ನೂ ಮೀರಬೇಕಾದರೆ ಜೊತೆಗೆ ಫೋರ್ಸ್‌ಕರ್ಸರ್. ಇಡೀ ಆ್ಯಪ್‌ಗೆ ಹೊದಿಸೋಕೆ ಮೌಸ್.ಓವರ್‌ರೈಡ್‌ಕರ್ಸರ್, ತೆಗೆಯೋಕೆ ಅದಕ್ಕೇ ನಲ್. ತೆಗೆಯುವ ಸಾಲನ್ನು ಏನೇ ಆದರೂ ಓಡುವ ಫೈನಲಿ ಬ್ಲಾಕ್ ಒಳಗೆ ಬರೆಯಿರಿ. ಕೆಲಸದ ನಡುವೆ ಎಕ್ಸೆಪ್ಶನ್ (ದೋಷ) ಬಂದರೆ ಉಂಗುರ ಶಾಶ್ವತವಾಗಿ ಉಳಿಯಬಾರದಲ್ಲ.

ಕ್ಯೂಟಿ: ಹೊದಿಸಿದಷ್ಟು ಸಲ ತೆಗೆಯಬೇಕು

ಸಿ ಪ್ಲಸ್ ಪ್ಲಸ್, ಪೈಥಾನ್ ಎರಡರಲ್ಲೂ ಬಳಸುವ ಟೂಲ್‌ಕಿಟ್ ಕ್ಯೂಟಿ. ಅದರಲ್ಲಿ ವಿಜೆಟ್‌ಗೆ (ಬಟನ್, ಪಠ್ಯದ ಡಬ್ಬದಂಥ ಪರದೆಯ ಭಾಗ) ಸೆಟ್‌ಕರ್ಸರ್ ಅಂದರೆ ಎರಡನೆಯ ಬಗೆ. ಹೆಸರು ವಿನ್32ನದ್ದೇ ಆದರೂ ನಡತೆ ಪೂರ್ತಿ ಬೇರೆ. ವಿಂಡೋಸ್‌ನಿಂದ ಬಂದವರು ಇಲ್ಲಿ ಎಡವುತ್ತಾರೆ. ಕ್ಯೂಟಿಯ ಸೆಟ್‌ಕರ್ಸರ್ ಆ ವಿಜೆಟ್‌ಗೆ ಆಕಾರವನ್ನು ಕಟ್ಟಿಡುತ್ತದೆ, ಮಿಣಿಮಿಣಿ ಇರೋದಿಲ್ಲ. ಅನ್‌ಸೆಟ್‌ಕರ್ಸರ್ ಅಂದರೆ ಮತ್ತೆ ತಾಯಿಯ ಆಕಾರ.

ಒಂದೇ ಒಂದು ಹಳ್ಳ ಇದೆ. ಕ್ಯೂಟೆಕ್ಸ್ಟ್‌ಎಡಿಟ್, ಕ್ಯೂಗ್ರಾಫಿಕ್ಸ್‌ವ್ಯೂ ತರದ ಸ್ಕ್ರೋಲ್ ಆಗುವ ವಿಜೆಟ್‌ಗಳ ಒಳಗೆ ವ್ಯೂಪೋರ್ಟ್ ಅಂತ ಇನ್ನೊಂದು ವಿಜೆಟ್ ಕೂತಿರುತ್ತದೆ. ಮೌಸ್ ನಿಜವಾಗಿ ಓಡಾಡೋದು ಅದರ ಮೇಲೆ. ಹಾಗಾಗಿ ಆಕಾರ ಹೇಳಬೇಕಾದ್ದು ವ್ಯೂಪೋರ್ಟ್‌ಗೆ. ಹೊರಗಿನದಕ್ಕೆ ಹೇಳಿ 'ಬದಲಾಗ್ತಿಲ್ಲ' ಅಂತ ಗಂಟೆಗಟ್ಟಲೆ ಹುಡುಕೋರು ಬಹಳ ಜನ.

ಮೂರನೆಯ ಬಗೆಗೆ ಕ್ಯೂಗುಯಿಅಪ್ಲಿಕೇಶನ್‌ನ ಸೆಟ್‌ಓವರ್‌ರೈಡ್‌ಕರ್ಸರ್ ಮತ್ತು ರಿಸ್ಟೋರ್‌ಓವರ್‌ರೈಡ್‌ಕರ್ಸರ್. ಡಬ್ಲ್ಯೂಪಿಎಫ್‌ಗೂ ಇದಕ್ಕೂ ಇರೋ ಮುಖ್ಯ ವ್ಯತ್ಯಾಸ ಇದು: ಡಬ್ಲ್ಯೂಪಿಎಫ್‌ನದ್ದು ಒಂದೇ ಡಬ್ಬ, ನಲ್ ಹಾಕಿದರೆ ಖಾಲಿ. ಕ್ಯೂಟಿಯದ್ದು ತಟ್ಟೆಗಳ ಅಟ್ಟಿ. ಎರಡು ಸಲ ಇಟ್ಟರೆ ಎರಡು ಸಲ ತೆಗೆಯಬೇಕು. ಇದರ ಲಾಭ ದೊಡ್ಡದು. ಒಂದು ಉದ್ದದ ಕೆಲಸದ ಒಳಗೆ ಇನ್ನೊಂದು ಉದ್ದದ ಕೆಲಸ ನಡೆದಾಗ ಒಳಗಿನದು ಮುಗಿದರೂ ಹೊರಗಿನ ಉಂಗುರ ಉಳಿಯುತ್ತದೆ. ಡಬ್ಲ್ಯೂಪಿಎಫ್‌ನಲ್ಲಿ ಒಳಗಿನದು ನಲ್ ಹಾಕಿದ ಕೂಡಲೇ ಹೊರಗಿನದೂ ಹೋಗುತ್ತದೆ. ಅಲ್ಲಿ ಎಣಿಕೆಯನ್ನು ನೀವೇ ಇಟ್ಟುಕೊಳ್ಳಬೇಕು.

ನಷ್ಟವೂ ಇದೆ. ಫಂಕ್ಷನ್ ನಡುವೆ ಎಲ್ಲೋ ಒಂದು ರಿಟರ್ನ್ ಇದ್ದು ತೆಗೆಯೋ ಸಾಲು ತಪ್ಪಿದರೆ ಅಟ್ಟಿಯಲ್ಲಿ ಒಂದು ತಟ್ಟೆ ಉಳಿಯಿತು. ಆಮೇಲೆ ಎಷ್ಟು ಕೆಲಸ ಮುಗಿದರೂ ಉಂಗುರ ಹೋಗೋದಿಲ್ಲ. ಸಿ ಪ್ಲಸ್ ಪ್ಲಸ್‌ನಲ್ಲಿ ಒಂದು ಚಿಕ್ಕ ಕ್ಲಾಸ್ ಬರೆದು, ಹುಟ್ಟುವಾಗ ಹೊದಿಸಿ ಸಾಯುವಾಗ ತೆಗೆಯುವ ಹಾಗೆ ಮಾಡಿ. ಪೈಥಾನ್‌ನಲ್ಲಾದರೆ ವಿತ್ ಬ್ಲಾಕ್. ಐದಾರು ಸಾಲಿನ ಕೆಲಸ, ಮುಂದೆ ಆ ಚಿಂತೆ ಇರೋದಿಲ್ಲ.

ಜಾವಾ ಸ್ವಿಂಗ್: ಗಾಜಿನ ಹಲಗೆ

ಸ್ವಿಂಗ್‌ನಲ್ಲಿ ಹೊದಿಸುವ ಫಂಕ್ಷನ್ ಅಂತ ಬೇರೆ ಇಲ್ಲ. ಫ್ರೇಮ್‌ಗೆ ಸೆಟ್‌ಕರ್ಸರ್ ಹೇಳಿದರೆ ಜೆಟೆಕ್ಸ್ಟ್‌ಫೀಲ್ಡ್ ಮೇಲೆ 'ಐ' ಗುರುತು ಹಾಗೇ ಇರುತ್ತದೆ. ಆದರೆ ಪ್ರತಿ ಜೆಫ್ರೇಮ್ ಮೇಲೂ ಗ್ಲಾಸ್‌ಪೇನ್ ಅಂತ ಕಾಣದ ಒಂದು ಪದರ ಇದೆ. ಅದಕ್ಕೆ ವೇಟ್ ಆಕಾರ ಹಾಕಿ ಸೆಟ್‌ವಿಸಿಬಲ್ ಟ್ರೂ ಮಾಡಿದರೆ ಇಡೀ ಫ್ರೇಮ್ ಮೇಲೆ ಒಂದೇ ಆಕಾರ. ಅದಕ್ಕೊಂದು ಖಾಲಿ ಮೌಸ್‌ಅಡಾಪ್ಟರ್ ಸೇರಿಸಿದರೆ ಕ್ಲಿಕ್‌ಗಳೂ ಕೆಳಗೆ ಇಳಿಯೋದಿಲ್ಲ. ಕರ್ಸರ್ ಮತ್ತು ತಡೆ ಎರಡೂ ಒಂದೇ ಕಡೆ ಸಿಗೋದು ಇಲ್ಲಿನ ಹೆಚ್ಚುಗಾರಿಕೆ. ಕೀಬೋರ್ಡ್ ಮಾತ್ರ ತಡೆಯೋದಿಲ್ಲ. ಸ್ಪೇಸ್ ಕೀ ಒತ್ತಿದರೆ ಫೋಕಸ್ ಇರೋ ಬಟನ್ ಒತ್ತಿದ ಹಾಗೇ ಆಗುತ್ತದೆ.

ಟಿಕಿಂಟರ್

ಪೈಥಾನ್ ಜೊತೆಗೇ ಬರುತ್ತದೆ ಅಂತ ಕಾಲೇಜು ಪ್ರಾಜೆಕ್ಟ್‌ಗಳಲ್ಲಿ ಇದೇ ಜಾಸ್ತಿ. ಇಲ್ಲಿ ಆಕಾರಕ್ಕೆ ಹೆಸರು ಕೊಟ್ಟರೆ ಸಾಕು: ವಾಚ್, ಹ್ಯಾಂಡ್2, ಕ್ರಾಸ್‌ಹೇರ್, ಎಕ್ಸ್‌ಟರ್ಮ್. ವಿಜೆಟ್‌ನ ಕರ್ಸರ್ ಆಯ್ಕೆಗೆ ಇದನ್ನು ಕೊಡೋದು, ಖಾಲಿ ಸ್ಟ್ರಿಂಗ್ ಕೊಟ್ಟರೆ ಮತ್ತೆ ತಾಯಿಯ ಆಕಾರ.

ದೂರು ಒಂದೇ: 'ವಾಚ್ ಹಾಕಿದೆ, ಕಾಣಲೇ ಇಲ್ಲ'. ಹಾಕಿದ ಮುಂದಿನ ಸಾಲಿನಲ್ಲೇ ಭಾರದ ಕೆಲಸ ಶುರುವಾದರೆ ಬದಲಾವಣೆ ಪರದೆಗೆ ತಲುಪೋಕೆ ಸಮಯವೇ ಸಿಗೋದಿಲ್ಲ. ನಡುವೆ ರೂಟ್.ಅಪ್‌ಡೇಟ್ ಕರೆಯಬೇಕು. ಆದರೆ ಅಪ್‌ಡೇಟ್ ಅಂದರೆ ಕಾದು ನಿಂತಿರೋ ಕ್ಲಿಕ್‌ಗಳನ್ನೂ ಓಡಿಸೋದು ಅಂತ. ಹಾಗಾಗಿ ಬಟನ್ನನ್ನು ಮೊದಲು ಡಿಸೇಬಲ್ ಮಾಡಿ, ಆಮೇಲೆ ವಾಚ್ ಹಾಕಿ, ಆಮೇಲೆ ಅಪ್‌ಡೇಟ್. ಈ ಸರದಿ ತಪ್ಪಬಾರದು.

ಟಿಕಿಂಟರ್‌ನ ಒಳಗಿರುವ ಟಿಕೆಯಲ್ಲಿ 8.6ರಿಂದ ಬ್ಯುಸಿ ಅನ್ನೋ ಕಮಾಂಡ್ ಕೂಡ ಇದೆ. ವಿಜೆಟ್ ಮೇಲೆ ಕಾಣದ ಒಂದು ಕಿಟಕಿ ಹಾಸಿ, ವಾಚ್ ತೋರಿಸಿ, ಮೌಸ್ ಕ್ಲಿಕ್‌ಗಳನ್ನು ತಡೆಯುತ್ತದೆ. ಸ್ವಿಂಗ್‌ನ ಗಾಜಿನ ಹಲಗೆಯ ತಮ್ಮ ಅನ್ನಬಹುದು. ಪೈಥಾನ್ 3.13ರಲ್ಲಿ ಅದಕ್ಕೆ ಟಿಕೆ_ಬ್ಯುಸಿ_ಹೋಲ್ಡ್, ಟಿಕೆ_ಬ್ಯುಸಿ_ಫರ್ಗೆಟ್ ಅಂತ ನೇರ ಮೆಥಡ್‌ಗಳು ಬಂದವು. ಹೊಸ ಪೈಥಾನ್ ಇದ್ದರೆ ಇದನ್ನೇ ಬಳಸಿ.

ಲಿನಕ್ಸ್, ಮ್ಯಾಕ್

ಲಿನಕ್ಸ್‌ನಲ್ಲಿ ಪರದೆ ನೋಡಿಕೊಳ್ಳುವ ಹಳೆಯ ವ್ಯವಸ್ಥೆ ಎಕ್ಸ್11ನಲ್ಲಿ ಆಕಾರವನ್ನು ಎಕ್ಸ್‌ಡಿಫೈನ್‌ಕರ್ಸರ್ ಬಳಸಿ ವಿಂಡೋಗೆ ಕಟ್ಟಿಬಿಡುತ್ತೀರಿ. ಸರ್ವರ್ ನೆನಪಿಟ್ಟುಕೊಳ್ಳುತ್ತದೆ. ನಿಮ್ಮ ಪ್ರೋಗ್ರಾಂ ಮಲಗಿದ್ದರೂ ಆಕಾರ ಸರಿಯಾಗೇ ಬದಲಾಗುತ್ತದೆ. ಕಳಿಸುವ ಮಾತುಗಳು ಬಫರ್‌ನಲ್ಲಿ ಕೂರುತ್ತವೆ, ಹಾಗಾಗಿ ಭಾರದ ಕೆಲಸದ ಮುಂಚೆ ಎಕ್ಸ್‌ಫ್ಲಶ್ ಮರೆಯಬೇಡಿ.

ಅದರ ಜಾಗಕ್ಕೆ ಬಂದ ವೇಲ್ಯಾಂಡ್‌ನಲ್ಲಿ ರೀತಿ ತಲೆಕೆಳಗು. ಮೌಸ್ ನಿಮ್ಮ ಜಾಗಕ್ಕೆ ಕಾಲಿಟ್ಟಿತು ಅಂತ ಎಂಟರ್ ಇವೆಂಟ್ ಬರುತ್ತದೆ, ಜೊತೆಗೊಂದು ಸೀರಿಯಲ್ ಸಂಖ್ಯೆ. ಆ ಸಂಖ್ಯೆ ತೋರಿಸಿಯೇ ನೀವು ಆಕಾರ ಹೇಳಬೇಕು. ಅದೂ ಹೆಸರಲ್ಲ, ಚಿತ್ರವನ್ನೇ ಕೊಡಬೇಕಿತ್ತು. ಹೆಸರು ಹೇಳಿದರೆ ಸಾಕು ಅನ್ನುವ ಕರ್ಸರ್-ಶೇಪ್ ಪ್ರೋಟೋಕಾಲ್ 2023ರಲ್ಲಿ ಬಂತು. ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾದ್ದು ಟೂಲ್‌ಕಿಟ್ ಬರೆಯೋರು ಮಾತ್ರ. ಆ್ಯಪ್ ಬರೆಯೋರಿಗೆ ಜಿಟಿಕೆ ಅನ್ನೋ ಟೂಲ್‌ಕಿಟ್‌ನ 4ನೇ ಆವೃತ್ತಿಯಲ್ಲಿ ಜಿಟಿಕೆ_ವಿಜೆಟ್_ಸೆಟ್_ಕರ್ಸರ್_ಫ್ರಮ್_ನೇಮ್ ಇದೆ, ಪಾಯಿಂಟರ್, ವೇಟ್, ಟೆಕ್ಸ್ಟ್ ತರದ ಸಿಎಸ್‌ಎಸ್ (ವೆಬ್ ಪುಟದ ರೂಪ ಹೇಳುವ ಭಾಷೆ) ಹೆಸರುಗಳೇ ನಡೆಯುತ್ತವೆ. ಜಿಟಿಕೆ 3ರಲ್ಲಿ ವಿಜೆಟ್‌ನ ಒಳಗಿನ ಜಿಡಿಕೆ ವಿಂಡೋ ಹಿಡಿಯಬೇಕಿತ್ತು. ವಿಜೆಟ್ ರಿಯಲೈಜ್ ಆಗೋ, ಅಂದರೆ ಪರದೆಗೆ ಸಿದ್ಧವಾಗೋ ಮುಂಚೆ ಅದು ನಲ್. ಶುರುವಿನಲ್ಲೇ ಆಕಾರ ಹಾಕಿ ಏನೂ ಆಗದಿದ್ದರೆ ಕಾರಣ ಇದೇ.

ಮ್ಯಾಕ್‌ನಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು: ಆ್ಯಪ್‌ಗಳು ಬಳಸೋಕೆ ಅಂತ 'ಕಾಯಿರಿ' ಆಕಾರವನ್ನು ಮ್ಯಾಕ್‌ನ ಕರ್ಸರ್ ಕ್ಲಾಸ್ ಎನ್‌ಎಸ್‌ಕರ್ಸರ್ ಕೊಡೋದೇ ಇಲ್ಲ. ಬಣ್ಣದ ಚೆಂಡು ಸುತ್ತಿಸೋದು ಸಿಸ್ಟಂ, ಅದೂ ನಿಮ್ಮ ಆ್ಯಪ್ ಉತ್ತರ ಕೊಡೋದು ನಿಲ್ಲಿಸಿದಾಗ. ಹಾಗಾಗಿ ಅಲ್ಲಿ ಕೆಲಸ ನಡೀತಿದೆ ಅಂತ ತೋರಿಸೋಕೆ ವಿಂಡೋದ ಒಳಗೇ ಪ್ರೋಗ್ರೆಸ್ ಇಂಡಿಕೇಟರ್ ಇಡಿ. ಉಳಿದ ಆಕಾರಗಳಿಗೆ ವ್ಯೂನ ಆಡ್‌ಕರ್ಸರ್‌ರೆಕ್ಟ್ ಬಳಸೋದು ಭಾಗಕ್ಕೆ ಕಟ್ಟುವ ಬಗೆ. ಪುಶ್ ಮತ್ತು ಪಾಪ್ ಕ್ಯೂಟಿಯ ಹಾಗೆ ಅಟ್ಟಿ.

ಎಲೆಕ್ಟ್ರಾನ್

ವೆಬ್ ಪುಟದ ಹಾಗೆ ಡೆಸ್ಕ್‌ಟಾಪ್ ಆ್ಯಪ್ ಬರೆಯೋ ಎಲೆಕ್ಟ್ರಾನ್‌ನ ಒಳಗೆ ಕ್ರೋಮಿಯಂ ಬ್ರೌಸರ್ ಇರೋದರಿಂದ ಎಲ್ಲ ಸಿಎಸ್‌ಎಸ್. ಕರ್ಸರ್: ಪಾಯಿಂಟರ್ ಅಂತ ಬರೆದರೆ ಮುಗೀತು, ಇಷ್ಟು ಸುಲಭ ಬೇರೆಲ್ಲೂ ಇಲ್ಲ. ಹೊದಿಸೋದು ಮಾತ್ರ ಹಳೆಯ ಕಥೆಯೇ. ಬಾಡಿ ಟ್ಯಾಗ್‌ಗೆ ವೇಟ್ ಹಾಕಿದರೂ ಇನ್‌ಪುಟ್, ಲಿಂಕ್‌ಗಳು ತಮ್ಮದೇ ಆಕಾರ ತೋರಿಸುತ್ತವೆ. ಮೇಲೊಂದು ಪಾರದರ್ಶಕ ಡಿವ್ ಹಾಸಿ ಅದಕ್ಕೆ ವೇಟ್ ಹಾಕಿ. ಕ್ಲಿಕ್ಕೂ ನಿಲ್ಲುತ್ತದೆ. ನಿಮ್ಮದೇ ಟೈಟಲ್ ಬಾರ್ ಮಾಡಿ ಅದನ್ನು ಎಳೆಯುವ ಜಾಗ ಅಂತ ಗುರುತಿಸಿದ್ದರೆ ಅಲ್ಲಿ ಸಿಎಸ್‌ಎಸ್ ಆಕಾರ ಕೆಲಸ ಮಾಡೋದಿಲ್ಲ, ಅದು ಸಿಸ್ಟಂನ ಜಾಗ.

ಉಂಗುರದಿಂದ ಆಗದ ಕೆಲಸ

ಉಂಗುರ ಹಾಕಿದ್ದೇವೆ ಅಂತ ಭಾರದ ಕೆಲಸವನ್ನು ಮುಖ್ಯ ಥ್ರೆಡ್‌ನಲ್ಲೇ (ಪರದೆ ನೋಡಿಕೊಳ್ಳುವ ಕೆಲಸದ ಎಳೆಯಲ್ಲೇ) ಬಿಡಬೇಡಿ. ವಿಂಡೋ 5 ಸೆಕೆಂಡ್‌ಗಿಂತ ಜಾಸ್ತಿ ಮೆಸೇಜ್‌ಗಳಿಗೆ ಉತ್ತರ ಕೊಡದಿದ್ದರೆ ವಿಂಡೋಸ್ ಅದನ್ನು ನಿಂತುಹೋಗಿದೆ ಅಂತ ಲೆಕ್ಕ ಹಾಕುತ್ತದೆ. ವಿಂಡೋ ಬಿಳಿಚಿಕೊಳ್ಳುತ್ತದೆ, ತಲೆಪಟ್ಟಿಯಲ್ಲಿ 'ಉತ್ತರ ಕೊಡುತ್ತಿಲ್ಲ' ಅಂತ ಬರುತ್ತದೆ. ನೋಡಿದವರು ಪ್ರೋಗ್ರಾಂ ಹಾಳಾಯಿತು ಅಂತ ಮುಚ್ಚಿಬಿಡುತ್ತಾರೆ. ಒಂದೆರಡು ಸೆಕೆಂಡಿನ ಕೆಲಸಕ್ಕೆ ಉಂಗುರ ಸಾಕು. ಅದಕ್ಕೂ ಜಾಸ್ತಿ ಆದರೆ ಕೆಲಸ ಬೇರೆ ಥ್ರೆಡ್‌ಗೆ ಹೋಗಲಿ, ಕರ್ಸರ್ ಬದಲಿಸುವ ಸಾಲು ಮಾತ್ರ ಮುಖ್ಯ ಥ್ರೆಡ್‌ನಲ್ಲೇ ಇರಲಿ. ಆಗ ಬಾಣ ಮತ್ತು ಉಂಗುರ ಒಟ್ಟಿಗೆ ಇರುವ ಆಕಾರ ಹಾಕಿ. ವಿನ್32ನಲ್ಲಿ ಅದರ ಹೆಸರು ಐಡಿಸಿ_ಆ್ಯಪ್‌ಸ್ಟಾರ್ಟಿಂಗ್, ಕ್ಯೂಟಿಯಲ್ಲಿ ಬ್ಯುಸಿಕರ್ಸರ್, ಸಿಎಸ್‌ಎಸ್‌ನಲ್ಲಿ ಪ್ರೋಗ್ರೆಸ್. ಬರೀ ಉಂಗುರ 'ಕಾಯಿರಿ' ಅನ್ನುತ್ತದೆ. ಬಾಣದ ಜೊತೆಗಿನ ಉಂಗುರ 'ನಾನು ಕೆಲಸದಲ್ಲಿದ್ದೇನೆ, ನೀವು ಮುಂದುವರಿಸಿ' ಅನ್ನುತ್ತದೆ. ಈ ವ್ಯತ್ಯಾಸವನ್ನು ಬಳಸುವವರು ಬಾಯಿಬಿಟ್ಟು ಹೇಳದಿದ್ದರೂ ಅವರ ಕೈಗೆ ಗೊತ್ತಿರುತ್ತದೆ.

ಸ್ವಂತ ಚಿತ್ರವಾ, ಸಿಸ್ಟಂನದ್ದಾ?

ಸಿಸ್ಟಂನಲ್ಲಿ ಇರೋ ಆಕಾರವನ್ನೇ ಬಳಸಿ ಅಂತ ಒತ್ತಿ ಹೇಳುತ್ತೇನೆ. ಕಾರಣ ಅಂದ ಅಲ್ಲ. ಕಣ್ಣು ಮಂಜಾದವರು ಸೆಟ್ಟಿಂಗ್ಸ್‌ಗೆ ಹೋಗಿ ಬಾಣವನ್ನು ದೊಡ್ಡದು ಮಾಡಿಕೊಂಡಿರುತ್ತಾರೆ. 2019ರ ಮೇ ತಿಂಗಳ ವಿಂಡೋಸ್ 10 ಅಪ್‌ಡೇಟ್‌ನಿಂದ ಬಣ್ಣವನ್ನೂ ಆರಿಸಿಕೊಳ್ಳಬಹುದು. ಮಂಡಿಯ ಗುಮಾಸ್ತರ ಬಾಣ ದಪ್ಪ, ಹಸಿರು. ಸಿಸ್ಟಂನ ಉಂಗುರ ಹಾಕಿದರೆ ಅದೂ ದಪ್ಪವಾಗೇ ಬರುತ್ತದೆ. ನೀವು ಬರೆದ 32 ಪಿಕ್ಸೆಲ್ ಚಿತ್ರ ಸಾಮಾನ್ಯವಾಗಿ ಆ ಸೆಟ್ಟಿಂಗ್ ಪಾಲಿಸೋದಿಲ್ಲ. ಇದ್ದಕ್ಕಿದ್ದ ಹಾಗೆ ಬಾಣ ಚಿಕ್ಕದಾಗಿ, ಅವರ ಕಣ್ಣಿಗೆ ಕಳೆದೇ ಹೋಗುತ್ತದೆ.

ಚಿತ್ರ ಬರೆಯುವ, ನಕ್ಷೆ ಗುರುತಿಸುವ ಪ್ರೋಗ್ರಾಂ ಆದರೆ ಸ್ವಂತ ಆಕಾರ ಬೇಕೇ ಬೇಕು. ಆಗ ಇಷ್ಟು ನೋಡಿಕೊಳ್ಳಿ. ಗಾತ್ರ 32ಕ್ಕೆ 32 ಇಟ್ಟರೆ ಎಲ್ಲ ಕಡೆ ನಡೆಯುತ್ತದೆ, ಕ್ಯೂಟಿಯವರು ಸೂಚಿಸೋದೂ ಅದನ್ನೇ. ಜಾವಾದಲ್ಲಿ ಗೆಟ್‌ಬೆಸ್ಟ್‌ಕರ್ಸರ್‌ಸೈಜ್ ಕೇಳಿ ನೋಡಿ. ಕ್ರೋಮಿಯಂನಲ್ಲಿ 128ಕ್ಕೆ 128 ಮೀರಿದರೆ ಚಿತ್ರ ಬರೋದೇ ಇಲ್ಲ. ಸಿಎಸ್‌ಎಸ್‌ನಲ್ಲಿ ಚಿತ್ರದ ಹಿಂದೆ ಕಾಮಾ ಹಾಕಿ ಒಂದು ಮಾಮೂಲಿ ಹೆಸರು ಬರೆಯಲೇಬೇಕು, ಬಿಟ್ಟರೆ ಇಡೀ ಸಾಲೇ ವ್ಯರ್ಥ. ವಿನ್‌ಫಾರ್ಮ್ಸ್‌ನ ಕರ್ಸರ್ ಕ್ಲಾಸ್ ಕದಲುವ ಕರ್ಸರ್ ಫೈಲನ್ನೂ ಕಪ್ಪು-ಬಿಳುಪು ಬಿಟ್ಟು ಬೇರೆ ಬಣ್ಣವನ್ನೂ ಬೆಂಬಲಿಸೋದಿಲ್ಲ ಅಂತ ಅದರ ದಾಖಲೆಯಲ್ಲೇ ಇದೆ. ಬಣ್ಣದ ಆಕಾರವೇ ಬೇಕಿದ್ದರೆ ಡಬ್ಲ್ಯೂಪಿಎಫ್ ಅಥವಾ ಕ್ಯೂಟಿ ಕಡೆ ನೋಡಿ.

ಎಲ್ಲಕ್ಕಿಂತ ಜಾಸ್ತಿ ಗಮನ ಬೇಕಾದ್ದು ಹಾಟ್‌ಸ್ಪಾಟ್‌ಗೆ. ಚಿತ್ರದಲ್ಲಿ ಯಾವ ಪಿಕ್ಸೆಲ್ 'ನಾನೇ ಇಲ್ಲಿ ಒತ್ತಿದ್ದು' ಅನ್ನುತ್ತದೋ ಅದು ಹಾಟ್‌ಸ್ಪಾಟ್. ಬಾಣಕ್ಕೆ ಮೂಗಿನ ತುದಿ, ಅಡ್ಡಗೆರೆಗೆ ನಟ್ಟನಡು, ಪೆನ್ಸಿಲ್‌ಗೆ ಸೀಸದ ಮೊನೆ. ಕ್ಯೂಟಿಯಲ್ಲಿ ನೀವು ಹೇಳದಿದ್ದರೆ ಚಿತ್ರದ ನಡುವೇ ಹಾಟ್‌ಸ್ಪಾಟ್. ಸಿಎಸ್‌ಎಸ್‌ನಲ್ಲಿ ಹೇಳದಿದ್ದರೆ ಪಿಎನ್‌ಜಿ ಚಿತ್ರಕ್ಕೆ ಎಡ ಮೇಲಿನ ಮೂಲೆ. ಅದೇ ಪೆನ್ಸಿಲ್ ಚಿತ್ರವನ್ನು ಎರಡರಲ್ಲೂ ಬಳಸಿದರೆ ಗೆರೆ ಬೀಳೋದು ಎರಡು ಬೇರೆ ಜಾಗದಲ್ಲಿ, ಮೊನೆ ಎಡ ಕೆಳಮೂಲೆಯಲ್ಲಿದ್ದರೆ ಎರಡೂ ಮೊನೆಯಿಂದ ದೂರ.

ಪರೀಕ್ಷೆ ಸುಲಭ. ಖಾಲಿ ಜಾಗದಲ್ಲಿ ಹತ್ತು ಪಿಕ್ಸೆಲ್ ಅಗಲದ ಒಂದು ಚೌಕ ಬರೆಯಿರಿ. ಒಳಗೆ ಕ್ಲಿಕ್ ಮಾಡಿದರೆ ಬಣ್ಣ ಬದಲಾಗುವ ಹಾಗೆ ಮಾಡಿ. ನಿಮ್ಮ ಹೊಸ ಕರ್ಸರ್ ಹಿಡಿದು ನಾಲ್ಕು ಮೂಲೆಯಲ್ಲೂ ಅಂಚಿನ ಸ್ವಲ್ಪ ಒಳಗೆ ಒಮ್ಮೆ, ಸ್ವಲ್ಪ ಹೊರಗೆ ಒಮ್ಮೆ ಒತ್ತಿ. ಆಮೇಲೆ ಪರದೆಯ ಸ್ಕೇಲಿಂಗ್ ಅನ್ನು 100ರಿಂದ 150ಕ್ಕೆ ಏರಿಸಿ, ಅದೇ ಎಂಟು ಕ್ಲಿಕ್ ಮತ್ತೆ ಮಾಡಿ.